ಪಾಸ್‌ಪೋರ್ಟ್ ಇದ್ದವರು

ಮಾರ್ಚ್ 2, ಭಾನುವಾರ

ಬರಿ ಅಂದರೆ ಏನು ಬರೆಯುವುದು? ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಡಿದವಳು ನಾನು. ಈಗ ಅರವತ್ತೆಂಟನೇ ವಯಸ್ಸಿನಲ್ಲಿ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾಳೆ ಸೊಸೆ ಮಾಲತಿ. ಕೊಪ್ಪದ ನರ್ಸಿಂಗ್ ಹೋಮಿನಲ್ಲಿ ನರ್ಸು. ಮನೆಗೆ ಬಂದರೂ ನರ್ಸೇ. ಮೊನ್ನೆ ಜಯಪುರ ಪೇಟೆಯಲ್ಲಿ ಗ್ಯಾಸಿನವನಿಗೆ ನಾಲ್ಕು ಮಾತು ಬೈದೆ. ಬೈದು ಮುಗಿಸುವಷ್ಟರಲ್ಲಿ ತಲೆ ತಿರುಗಿ ಅವನ ಸಿಲಿಂಡರಿನ ಮೇಲೇ ಕೂತೆ. ಡಾಕ್ಟರು ಬಿಪಿ ನಂಬಲಾರದೆ ಎರಡು ಸಲ ಅಳೆದರು. ಅವತ್ತಿನಿಂದ ಈ ಶಿಕ್ಷೆ.

"ಅತ್ತೆ, ಬೈಬೇಕು ಅನ್ನಿಸ್ದಾಗ ಬಾಯಿ ತೆಗೀಬೇಡಿ, ಬುಕ್ ತೆಗೀರಿ."

"ಬೈಗುಳಕ್ಕೆ ಕಾಗುಣಿತ ಬರಲ್ಲ ಮಾರಾಯ್ತಿ ನಂಗೆ."

"ತಪ್ಪಾಗ್ಲಿ ಬಿಡಿ. ಯಾರೂ ಓದಲ್ಲ."

ಸರಿ. ಹಾಗಾದರೆ ಬೈಯಬೇಕಾದವನ ಹೆಸರಿನಿಂದಲೇ ಶುರು ಮಾಡುತ್ತೇನೆ. ಯೋಗೇಂದ್ರ. ನನ್ನ ಗಂಡನ ತಮ್ಮ. ಎನ್.ಆರ್. ಪುರದಲ್ಲಿ ಲಗೇಜ್ ಆಟೋ ಓಡಿಸುತ್ತಾನೆ. ನನ್ನ ಮರ ಕೊಂದವನು.

ಕೈ ನೋವು ಬಂತು. ಸಾಕು.

ಮಾರ್ಚ್ 3

ಮರದ ವಿಷಯ ಬರೆದುಬಿಡುತ್ತೇನೆ. ಎದೆ ಹಗುರಾಗುತ್ತದೆ ಅಂತ ಮಾಲತಿ ಹೇಳುತ್ತಾಳೆ. ನೋಡೋಣ.

ಮೇಗುಂದದ ಹಳ್ಳದ ದಂಡೆಯಲ್ಲಿದ್ದ ಮಾವಿನ ಮರ. ಹಣ್ಣಿನದಲ್ಲ, ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿಯದು. ತೊಟ್ಟು ಮುರಿದರೆ ಸೊನೆ ಚಿಮ್ಮಿ ಜೀರಿಗೆಯ ವಾಸನೆ ಏಳುತ್ತಿತ್ತು. ಅತ್ತೆಯ ಕೈಯಿಂದ ನನಗೆ ಬಂದದ್ದು. ಊರವರು ನನ್ನ ಹೆಸರು ಹಿಡಿದು ಸಣ್ಣಕ್ಕನ ಮರ ಎಂದೇ ಕರೆಯುತ್ತಿದ್ದರು. ನನ್ನ ಗಂಡ ಇದ್ದಷ್ಟು ದಿನ ಅವರೇ ಹತ್ತುತ್ತಿದ್ದರು, ಆಮೇಲೆ ಮರ ಹತ್ತುವ ಆಳು ಬೂತಪ್ಪ. ಒಂದೊಂದು ಮಿಡಿಯನ್ನೂ ತೊಟ್ಟು ಸಮೇತ ಕಿತ್ತು, ಬುಟ್ಟಿಯಲ್ಲಿ ಹಾಕಿ, ಹಗ್ಗದಲ್ಲಿ ಇಳಿಸಬೇಕು. ನೆಲಕ್ಕೆ ಬಿದ್ದ ಮಿಡಿ ಭರಣಿಗೆ ಬಾರದು.

ಮೂರು ವರ್ಷದ ಹಿಂದೆ ನಾನು ಮಸ್ಕತ್ತಿಗೆ ಹೋಗಿದ್ದೆ. ಬಾಣಂತನ ಮಾಡುವುದು ನನ್ನ ಕೆಲಸ. ತಾಯಿಗೆ ಎಣ್ಣೆ ನೀರು, ಮಗುವಿಗೆ ಕಾಲ ಮೇಲೆ ಸ್ನಾನ. ಜಯಪುರದವರೊಬ್ಬರ ಮಗಳು ಅಲ್ಲಿದ್ದಳು, ವಿಮಾನ ಹತ್ತಿಸಿ ಕರೆಸಿಕೊಂಡರು. ವಾಪಸ್ ಬಂದು ಹಳ್ಳದ ಹತ್ತಿರ ಹೋದೆ. ಮರಕ್ಕೆ ತಲೆಯೇ ಇಲ್ಲ. ಗರಗಸದ ಮಿಷನ್ ಇಟ್ಟು ಮೇಲಿನಿಂದ ಕೊಂಬೆ ಕೊಂಬೆಯನ್ನೇ ಕೆಡವಿದ್ದಾರೆ. ಕೆಡವಿ, ನೆಲದಲ್ಲಿ ಆರಾಮಾಗಿ ಕೂತು ಮಿಡಿ ಬಿಡಿಸಿಕೊಂಡಿದ್ದಾರೆ. ಹತ್ತಲಾರದ ಸೋಮಾರಿಗಳ ಕೆಲಸ. ಬೋಳು ಮರ ಒಂದು ಮಳೆಗಾಲ ತಡೆದುಕೊಂಡಿತು. ಮುಂದಿನ ಬೇಸಿಗೆಗೆ ನಿಂತಲ್ಲೇ ಒಣಗಿತು. ಇವತ್ತಿಗೂ ಹಾಗೇ ನಿಂತಿದೆ.

ನನ್ನ ಮಗಳು ಕುಸುಮಾ, ಶೃಂಗೇರಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟವಳು, ಅಳುತ್ತಾ ಹೇಳಿದಳು — "ಚಿಕ್ಕಪ್ಪನ ಆಟೋ ರಸ್ತೆಗೆ ಬಂದಿತ್ತು ಅಂಬ್ರು ಅವ್ವ. ಮಿಡಿ ಎಲ್ಲಾ ಹೋತು."

ಜಯಪುರ ಬಸ್‌ಸ್ಟ್ಯಾಂಡಿನಲ್ಲಿ ಜನರ ನಡುವೆ ಯೋಗೇಂದ್ರನನ್ನು ನಿಲ್ಲಿಸಿ ಕೇಳಿದೆ. ನೀನೋ ಅಲ್ಲವೋ? ಅವನು ನೆಲ ನೋಡಿದ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಮಾಡದವನು ಇಲ್ಲ ಅನ್ನುತ್ತಾನೆ. ಅವತ್ತು ಆಡಿದ್ದೇ ಕೊನೆ ಮಾತು. ಅವನ ಮಗಳ ಮದುವೆಗೂ ಹೋಗಲಿಲ್ಲ.

ಅವನ ಬಾಯಲ್ಲಿ ಕೇಳಬೇಕು. "ನಾನೇ ಕಡಿಸಿದ್ದು." ಅಷ್ಟು ಸಾಕು. ಕೇಳಿಸದೆ ಸಾಯುವುದಿಲ್ಲ.

ಎದೆ ಏನೂ ಹಗುರಾಗಲಿಲ್ಲ.

ಮಾರ್ಚ್ 5, ಸಂಜೆ

ಮನೆಯಲ್ಲಿ ಹುಚ್ಚು. ನನ್ನ ಮಗ ಹರೀಶ ಟೂರಿಸ್ಟುಗಳನ್ನು ಕಾರಲ್ಲಿ ಗುಡ್ಡಕ್ಕೆ ಕರೆದುಕೊಂಡು ಹೋಗಿ ಟೆಂಟು ಹಾಕಿಕೊಡುವವನು. ಕಾಡಿಗೆ ಬೆಂಕಿ ಬೀಳುವ ಕಾಲ ಅಂತ ಫಾರೆಸ್ಟಿನವರು ಈಗ ಯಾರನ್ನೂ ಗುಡ್ಡ ಹತ್ತಲು ಬಿಡುತ್ತಿಲ್ಲ. ಬುಕಿಂಗ್ ಎಲ್ಲಾ ಕ್ಯಾನ್ಸಲ್. ಟೆಂಟುಗಳು ಜಗಲಿಯಲ್ಲಿ ಸತ್ತ ಹಂದಿಗಳ ಹಾಗೆ ಬಿದ್ದಿವೆ. ಚಹಾ ಕುಡಿಯುತ್ತಾ ಕುಡಿಯುತ್ತಾ ಎದ್ದು ನಿಂತ.

"ಊರೋರಿಗೆಲ್ಲಾ ಟೆಂಟು ಹಾಕ್ಕೊಟ್ಟೆ. ನಾವೇ ಒಂದ್ಸಲ ಮಲಗಿಲ್ಲ. ನಡೀರಿ, ಶ್ರೀಲಂಕಾಕ್ಕೆ ಹೋಗಣ."

"ಬಾಳೆಹೊನ್ನೂರಿಗೆ ಅಂದಂಗೆ ಅಂತೀಯಲ್ಲ ಮಾರಾಯ," ಅಂದೆ.

ತಮಿಳುನಾಡಿನ ನಾಗಪಟ್ಟಣದವರೆಗೆ ಕಾರಂತೆ. ಕಾರು ಅಲ್ಲೇ ಬಿಟ್ಟು ಹಡಗಂತೆ. ಊಟದ ಹೊತ್ತಿಗೆ ಆ ದಡವಂತೆ. ಮಾಲತಿ ಫೋನಿನಲ್ಲಿ ಒತ್ತಿ ಒತ್ತಿ ನೋಡಿ, ಸೀಟು ಇದೆ ಅಂದಳು. ಆದರೆ ಪಾಸ್‌ಪೋರ್ಟ್ ಇದ್ದವರು ಮಾತ್ರ. ಹರೀಶ ಗಲ್ಫಿಗೆ ಡ್ರೈವರಾಗಿ ಹೋಗುತ್ತೇನೆಂದು ಮಾಡಿಸಿಟ್ಟಿದ್ದ, ಹೋಗಲಿಲ್ಲ. ಮಾಲತಿಗೂ ಇದೆ. ನನಗೆ ಮಸ್ಕತ್ತಿನದು. ಕುಸುಮಾಗೆ ಇಲ್ಲ. ನಮ್ಮ ಕಡೆ ಇನ್ನು ಒಬ್ಬನಿಗೇ ಇರುವುದು.

"ಚಿಕ್ಕಪ್ಪಂಗೆ ಫೋನ್ ಮಾಡ್ದೆ," ಅಂದ ಹರೀಶ, ನನ್ನ ಮುಖ ನೋಡದೆ. "ಅವ್ರಿಗೆ ತಮಿಳು ಬರ್ತದೆ. ಚಿಕ್ಕಂದಲ್ಲಿ ಭದ್ರಾವತೀಲಿ ಇದ್ದೋರಲ್ಲ. ನಮ್ಮಲ್ಲಿ ಯಾರಿಗೆ ಬರ್ತದೆ?"

ತಟ್ಟೆ ಎತ್ತಿ ಎಸೆಯಬೇಕು ಅನ್ನಿಸಿತು. ಬುಕ್ ತೆಗೆದೆ.

ಬರೆಯುತ್ತಾ ಬರೆಯುತ್ತಾ ಒಂದು ಹೊಳೆಯಿತು. ಅವನು ಯಾವಾಗಲೂ ನೆಲ ನೋಡಿ ತಪ್ಪಿಸಿಕೊಳ್ಳುವವನು. ಸಮುದ್ರದ ನಡುವೆ ನೆಲ ಎಲ್ಲಿದೆ?

ಹೋಗುತ್ತೇನೆ.

ಮಾರ್ಚ್ 6, ಬೆಳಿಗ್ಗೆ

ಹೊರಟೆವು. ಕುಸುಮಾ ಮೊದಲ ಬಸ್ಸಿಗೆ ಶೃಂಗೇರಿಯಿಂದ ಬಂದಳು. ರಾತ್ರಿ ಕೂತು ಪಾಸ್‌ಪೋರ್ಟಿಗೆಂದು ಒಂದು ಚೀಲ ಹೊಲಿದಿದ್ದಾಳೆ. ಹಸಿರು ರವಿಕೆ ಬಟ್ಟೆ, ಮೇಲೆ ಚುಕ್ಕಿ. ಅಂಚನ್ನು ಹಲ್ಲು ಹಲ್ಲಿನ ಕತ್ತರಿಯಲ್ಲಿ ಕತ್ತರಿಸಿದ್ದಾಳೆ. ಅವಳ ಅಂಗಡಿಯ ಗುರುತೇ ಅದು. "ಅವ್ವ, ನಾಲ್ಕೂ ನಿನ್ನ ಸೊಂಟದಲ್ಲೇ ಇರ್ಲಿ. ನೀನಾದ್ರೆ ಯಾರಿಗೂ ಮುಟ್ಟಕ್ಕೆ ಬಿಡಲ್ಲ." ಚಿನ್ನದಂಥ ಹುಡುಗಿ. ಇವಳನ್ನು ಬಿಟ್ಟು ಆ ಕಟುಕನನ್ನು ಕರೆದೊಯ್ಯುವುದು. ಸರ್ಕಾರದ ಒಂದು ಪುಸ್ತಕ ಇದೆ ಅನ್ನುವ ಒಂದೇ ಕಾರಣಕ್ಕೆ!

ಅವನು ಎನ್.ಆರ್. ಪುರದಿಂದ ಬಂದ. ಬಿಳಿ ಅಂಗಿ. ಕೂದಲು ಪೂರಾ ಹಣ್ಣಾಗಿದೆ. "ಅತ್ಗೆ, ಆರಾಮ?" ಅಂದ. ನಾನು ಕಾರಿನ ಟಯರು ನೋಡಿದೆ. ಕುಸುಮಾ ಅವನನ್ನು ಕಾರಿನ ಹಿಂದಕ್ಕೆ ಕರೆದು ಏನೋ ಪಿಸುಗುಟ್ಟುತ್ತಿದ್ದಳು. ಅವನ ಜೊತೆಗೂ ನಗುತ್ತಾಳೆ. ಮೆದು ಮನಸ್ಸು ಅವಳದು. ನನ್ನ ಹಾಗಲ್ಲ.

ಮಾರ್ಚ್ 7

ಚಿಕ್ಕಮಗಳೂರು, ಹಾಸನ, ಆಮೇಲೆ ಹೆಸರು ಓದಲಾಗದ ಊರುಗಳು. ಸೇಲಂ ದಾಟಿ ಒಂದು ಪೆಟ್ರೋಲ್ ಬಂಕಿನ ಹಿಂದೆ ಮೊದಲ ಟೆಂಟು. ಕೆಳಗೆ ಅಡಿಕೆ ಒಣಹಾಕುವ ಟಾರ್ಪಾಲು ಹಾಸಿದೆ. ಒಂದು ಟೆಂಟಿನ ಜಿಪ್ಪು ಹರಿದಿತ್ತು. ಅದನ್ನು ಯೋಗೇಂದ್ರನಿಗೆ ಕೊಡಿಸಿದೆ. ಬೆಳಿಗ್ಗೆ ಅವನ ಮುಖ ಕಡುಬಿನ ಹಾಗೆ ಊದಿತ್ತು.

"ಸೊಳ್ಳೆ ಜೋರು ಇಲ್ಲಿ," ಅಂದ.

"ಒಳ್ಳೇ ರಕ್ತ ಬಿಟ್ಟು ಕೆಟ್ಟದ್ದೇ ಹುಡುಕ್ತಾವೆ," ಅಂದೆ. ಮೂರು ವರ್ಷದಲ್ಲಿ ನಾನು ಅವನಿಗೆ ಆಡಿದ ಮೊದಲ ಮಾತು. ಚೆನ್ನಾಗಿತ್ತು.

ಮಾರ್ಚ್ 8, ಹಡಗಿನಲ್ಲಿ

ಬರೆಯಲು ಆಗುತ್ತಿಲ್ಲ, ಅಕ್ಷರಗಳು ಕುಣಿಯುತ್ತಿವೆ. ಆದರೂ ಬರೆಯಲೇಬೇಕು. ಇಲ್ಲದಿದ್ದರೆ ಕೂಗುತ್ತೇನೆ.

ಸೀಟುಗಳು ಬಸ್ಸಿನ ಹಾಗೆ. ಬಂದರಿನ ಬಾಯಿ ದಾಟಿದ್ದೇ ಹಡಗು ಹೆಗಲು ಹಾರಿಸತೊಡಗಿತು. ಮಾಲತಿ ಮಾತ್ರೆ ಕೊಟ್ಟಳು. ಯೋಗೇಂದ್ರ ಮಾತ್ರೆ ಬೇಡ ಅಂದ. ಬಿಳಚಿಕೊಂಡಿದ್ದ. ಅಂಗಿಯ ಜೇಬಿನಿಂದ ಒಂದು ಪುಟ್ಟ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಒಂದು ಮಿಡಿ ನಾಲಗೆಗೆ ಇಟ್ಟುಕೊಂಡ.

ವಾಸನೆ ಬಂತು.

ಎಣ್ಣೆಯ ವಾಸನೆ, ಡೀಸೆಲ್ ವಾಸನೆ, ಯಾರೋ ವಾಂತಿ ಮಾಡಿದ ವಾಸನೆ, ಎಲ್ಲವನ್ನೂ ಸೀಳಿಕೊಂಡು ಬಂತು. ಜೀರಿಗೆ. ನನ್ನ ಮರ.

ಉಪ್ಪಿನಲ್ಲಿ ಇಟ್ಟ ಮಿಡಿ ವರ್ಷಗಟ್ಟಲೆ ಕೆಡುವುದಿಲ್ಲ. ಆ ವರ್ಷದ್ದೇ. ಕಡಿದ ವರ್ಷದ್ದು. ಮೂರು ವರ್ಷ ಮನೆಯಲ್ಲಿ ಇಟ್ಟುಕೊಂಡು ತಿಂದಿದ್ದಾನೆ!

ಎದ್ದು ಹೋಗಿ ಕೈಯಿಂದ ಕಿತ್ತುಕೊಂಡೆ.

"ಇದು ಎಲ್ಲಿಂದ ಬಂತು?"

"ಅತ್ಗೆ, ಕೂತ್ಕೋ. ಬೀಳ್ತೀಯ."

"ಎಲ್ಲಿಂದ ಬಂತು ಅಂದೆ."

ಅವನು ನೆಲ ನೋಡಿದ. ಹಡಗಿಗೂ ನೆಲ ಇರುತ್ತದೆ, ನನಗೆ ಗೊತ್ತಿರಲಿಲ್ಲ.

ಬಾಟಲಿ ಈಗ ನಾನು ಅಡುಗೆಗೆಂದು ಮನೆಯಿಂದ ತಂದ ಅಕ್ಕಿ ಚೀಲದಲ್ಲಿದೆ. ಸಾಕ್ಷಿ. ಹರೀಶ, ಮಾಲತಿ ಇಬ್ಬರೂ ನನ್ನನ್ನೇ ನೋಡುತ್ತಿದ್ದಾರೆ. ನೋಡಲಿ.

ಮಾರ್ಚ್ 9, ಶ್ರೀಲಂಕಾ, ಕಾಂಕೇಸಂತುರೈ ಹತ್ತಿರ

ಬಂದರಿನಿಂದ ವ್ಯಾನು. ತಾಳೆ ಮರಗಳು, ಕೆಂಪು ಮಣ್ಣು, ಬಾವಿಗಳು. ಗುಡ್ಡ ಒಂದೂ ಇಲ್ಲ. ಕಣ್ಣಿಗೆ ಒರಗಲು ಜಾಗವೇ ಇಲ್ಲದ ಊರು. ಸಮುದ್ರದ ಪಕ್ಕ ಒಬ್ಬ ಅಮ್ಮ ತನ್ನ ಹಿತ್ತಿಲಲ್ಲಿ ಟೆಂಟು ಹಾಕಲು ಬಿಟ್ಟಳು. ಮಾತಾಡಿದ್ದು ಯೋಗೇಂದ್ರ. ಅವನು ಮಾತಾಡಿದರೆ ಎಲ್ಲರೂ ನಗುತ್ತಾರೆ, ಹಣ್ಣು ಕೊಡುತ್ತಾರೆ. ನನಗೆ ಮೈ ಉರಿಯುತ್ತದೆ. ಇವನು ಎಂಥವನು ಅಂತ ಹೇಳೋಣವೆಂದರೆ ನನಗೆ ತಮಿಳು ಬಾರದು. ಹೇಳಬೇಕಾದರೂ ಅವನೇ ಹೇಳಬೇಕು.

ಮೂರು ಕಲ್ಲಿಟ್ಟು ಒಲೆ ಹೂಡಿ ಅನ್ನ ಮಾಡಿದೆ. ಎಲ್ಲರಿಗೂ ಸಾರು ಬಡಿಸಿದೆ. ಅವನಿಗೆ ಅನ್ನ, ನೀರು.

"ಅವ್ವ, ಇದು ಅತಿ ಆಯ್ತು," ಅಂದ ಹರೀಶ.

"ನನ್ನ ಮರಕ್ಕೆ ಅತಿ ಆಗಿದ್ದು ನಿನಗೆ ಕಾಣಲಿಲ್ವಾ?"

ಯೋಗೇಂದ್ರ ನೀರು ಕಲಸಿಕೊಂಡು ಪೂರಾ ಉಂಡ. ಎದ್ದು ಹೋಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಾರ್ಚ್ 10

ಹಿತ್ತಿಲಲ್ಲಿ ಒಂದು ಮಾವಿನ ಮರ. ಬೊಡ್ಡೆಯಲ್ಲಿ ಮಗು ಕೂರುವಷ್ಟು ದೊಡ್ಡ ಗಾಯ, ಸುತ್ತ ತೊಗಟೆ ಮಡಿಚಿ ಬೆಳೆದಿದೆ. ಯುದ್ಧದಲ್ಲಿ ಶೆಲ್ ಬಿದ್ದದ್ದಂತೆ. ಅಮ್ಮ ಊರು ಬಿಟ್ಟು ಓಡಿ, ಎಷ್ಟೋ ವರ್ಷಕ್ಕೆ ವಾಪಸ್ ಬಂದಾಗ ಮನೆ ಇರಲಿಲ್ಲ, ಮರ ಇತ್ತಂತೆ. ಈಗಲೂ ಹೂ ಬಿಟ್ಟಿದೆ. ಯೋಗೇಂದ್ರ ಇದನ್ನೆಲ್ಲಾ ಕನ್ನಡದಲ್ಲಿ ನನಗೆ ಹೇಳಿದ. ಅವನೇ! ನಾಚಿಕೆ ಇಲ್ಲದೆ!

ಬಾಂಬಿಗೆ ಸಾಯದ ಮರ ನೋಡಿ ನನಗೆ ಸಮಾಧಾನ ಆಗಬೇಕಿತ್ತೇನೋ. ಆಗಲಿಲ್ಲ. ವೈರಿಗಳು ಬಿಟ್ಟದ್ದನ್ನು ನಮ್ಮ ಮನೆಯವರು ಬಿಡಲಿಲ್ಲ.

ಸಂಜೆ ಸಮುದ್ರದ ಹತ್ತಿರ ಕೂತು ಯೋಚಿಸಿದೆ. ಪಾಸ್‌ಪೋರ್ಟು ಇಲ್ಲದೆ ಹಡಗು ಹತ್ತಿಸುವುದಿಲ್ಲ. ನಾಲ್ಕೂ ನನ್ನ ಸೊಂಟದಲ್ಲಿವೆ.

ಅವನದನ್ನು ತೆಗೆದು ಅಕ್ಕಿ ಚೀಲಕ್ಕೆ ಇಳಿಸಿದೆ. ಬಾಟಲಿಯ ಪಕ್ಕ.

ಮಾರ್ಚ್ 12, ಹಡಗಿನಲ್ಲಿ, ವಾಪಸ್

ಆಗಿದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಟೆಂಟು ಮಡಚಿ ಆಯಿತು. ಹರೀಶ ಪಾಸ್‌ಪೋರ್ಟ್ ಕೇಳಿದ. ಚೀಲದಲ್ಲಿ ಮೂರೇ. ಅವನೂ ಮಾಲತಿಯೂ ಎಲ್ಲಾ ಗಂಟು ಬಿಚ್ಚಿ ಹುಡುಕಿದರು. ಮಾಲತಿ ಅಳುವ ಹಾಗಾದಳು. ದಾರಿಯಲ್ಲಿ ಬಿತ್ತೇನೋ ಅಂತ ಇಬ್ಬರೂ ವ್ಯಾನಿನವನ ಹತ್ತಿರ ಓಡಿದರು. ಉಳಿದದ್ದು ನಾವಿಬ್ಬರು. ಯೋಗೇಂದ್ರ ಹುಡುಕಲೇ ಇಲ್ಲ. ಬಂದು ನನ್ನ ಎದುರು ಮರಳಲ್ಲಿ ಕುಕ್ಕರುಗಾಲಲ್ಲಿ ಕೂತ.

"ಅತ್ಗೆ, ಕೊಡು."

"ಎಂತದು?"

"ಹುಡುಗ್ರು ಹೆದ್ರಿದಾವೆ. ಕೊಡು."

"ಬಾಯಿ ಬಿಡು, ಕೊಡ್ತೀನಿ. ಮರ ಕಡ್ಸಿದ್ದು ನೀನೋ ಅಲ್ವೋ?"

ಅವನು ಬೆರಳಿನಿಂದ ಮರಳಲ್ಲಿ ಗೀರು ಎಳೆದ.

"ಸರಿ, ಇಲ್ಲೇ ಇರು. ಈ ಅಮ್ಮನ ಮನೆ ಕಾಯಿ ಸುಲ್ಕೊಂಡು ಬದುಕು. ತಮಿಳು ಬರ್ತದಲ್ಲ ನಿಂಗೆ."

ಅವನು ನಕ್ಕ. ನಿಜವಾಗಿ ನಕ್ಕ. ಆಮೇಲೆ ಹೇಳಿದ — "ಹೌದು ಮಾರಾಯ್ತಿ. ನಾನೇ. ಸಾಕಾ?"

ಮೂರು ವರ್ಷ ಕಾದ ಮಾತು. ಬಾಯಲ್ಲಿ ಇಟ್ಟರೆ ಬೆಲ್ಲದ ಹಾಗಿರುತ್ತದೆ ಅಂದುಕೊಂಡಿದ್ದೆ. ಸಪ್ಪೆ. ಇನ್ನೂ ಬೇಕು ಅನ್ನಿಸಿತು.

"ಹ್ಯಾಗೆ ಕಡ್ಸಿದೆ? ಹೇಳು. ಕಣ್ಣಾರೆ ನೋಡಿದ್ಯಲ್ಲ, ಹೇಳು."

"ಹ್ಯಾಗೆ ಅಂದ್ರೆ... ಕೊಡಲಿ ತಂದಿದ್ರು. ಬುಡಕ್ಕೇ ಹಾಕಿದ್ರು. ಒಂದೇ ದಿನಕ್ಕೆ ಉರುಳ್ತು."

ಬುಡಕ್ಕೆ! ಉರುಳಿತು!

ಮರ ಇನ್ನೂ ನಿಂತಿದೆ. ಬುಡಕ್ಕೆ ಒಂದು ಗೀರೂ ಇಲ್ಲ. ಇವನು ಹಳ್ಳದ ಹತ್ತಿರ ಕಾಲೇ ಇಟ್ಟಿಲ್ಲ. ಆ ಮರ ಹೇಗೆ ಸತ್ತಿತು ಅಂತಲೇ ಇವನಿಗೆ ಗೊತ್ತಿಲ್ಲ.

ಅಕ್ಕಿ ಚೀಲಕ್ಕೆ ಕೈ ಹಾಕಿ ಪಾಸ್‌ಪೋರ್ಟೂ ಬಾಟಲಿಯೂ ಎರಡೂ ತೆಗೆದೆ. ಸೊಂಟದ ಚೀಲ ಬಿಚ್ಚಿ ಮಡಿಲಲ್ಲಿ ಇಟ್ಟಿದ್ದೆ. ಬಾಟಲಿ ಅದರ ಪಕ್ಕ ಬಂದು ಕೂತಿತು. ಬಾಟಲಿಯ ಮುಚ್ಚಳಕ್ಕೆ ಒಂದು ಬಟ್ಟೆ ಕಟ್ಟಿತ್ತು. ಹಡಗಿನ ಗಡಿಬಿಡಿಯಲ್ಲಿ ಕಂಡಿರಲಿಲ್ಲ. ಹಸಿರು. ಚುಕ್ಕಿ. ಅಂಚು ಹಲ್ಲು ಹಲ್ಲು.

ಒಂದೇ ರವಿಕೆಯ ಬಟ್ಟೆ. ಒಂದೇ ಕತ್ತರಿ.

"ಇದು ಯಾರು ಕೊಟ್ಟಿದ್ದು?"

ಅವನು ಮರಳು ನೋಡಿದ.

"ಕಾರಿನ ಹಿಂದೆ ಕೊಟ್ಟಿದ್ದು ಇದನ್ನೇ ಅಲ್ವಾ?"

"ಅತ್ಗೆ, ಒಂದು ಮಾತು ಕೇಳು. ಬೂತಪ್ಪಂಗೆ ಆ ವರ್ಷ ಕಾಲು ಮುರ್ದಿತ್ತು. ಹತ್ತೋರು ಯಾರೂ ಸಿಗಲಿಲ್ಲ. ನೀನು ಮಸ್ಕತ್ತಿಂದ ಫೋನಲ್ಲಿ ಕೂಗಾಡಿದ್ಯಂತೆ. ಹ್ಯಾಗಾದ್ರೂ ಇಳ್ಸು, ನಾ ಬರೋ ಹೊತ್ತಿಗೆ ಭರಣಿ ಖಾಲಿ ಇದ್ರೆ ನನ್ನ ಮನೆ ಮೆಟ್ಲು ಹತ್ತಬೇಡ ಅಂತ. ಅದು ಹೆದ್ರಿಕೊಂಡು ಯಾರನ್ನೋ ಕರ್ಸಿದೆ. ಅವ್ರು ಹ್ಯಾಗೆ ಇಳ್ಸಿದ್ರೋ ನಂಗೆ ಗೊತ್ತಿಲ್ಲ. ನನ್ನ ಕರ್ದಿದ್ದು ಮೂಟೆ ಸಾಗ್ಸಕ್ಕೆ. ನಾ ರಸ್ತೇಲೇ ಇದ್ದೆ."

"ಅದು ಅಂದ್ರೆ ಯಾವ್ದು? ಹೆಸ್ರು ಹೇಳು."

"ಅದ್ನ ನಾ ಹೇಳಲ್ಲ. ಬೇಕಾದ್ರೆ ಪಾಸ್‌ಪೋರ್ಟ್ ಒಲೆಗೆ ಹಾಕು."

"ಮತ್ತೆ ಬಸ್‌ಸ್ಟ್ಯಾಂಡಲ್ಲಿ ಯಾಕೆ ಬಾಯಿ ಮುಚ್ಕೊಂಡಿದ್ದೆ?"

"ನೀ ನನ್ನ ಬೈದ್ರೆ ನಂದೆಂತ ಹೋಗ್ತದೆ? ನಾ ಎನ್.ಆರ್. ಪುರದಲ್ಲಿ ಇರೋನು. ಅದು ನಿನ್ನ ಹತ್ರ ಬಂದು ಹೋಗಿ ಮಾಡ್ಬೇಕು."

ಪಾಸ್‌ಪೋರ್ಟನ್ನು ಅವನ ಎದೆಗೆ ಎಸೆದೆ. ಹರೀಶ ಓಡಿ ಬಂದಾಗ, "ಅಕ್ಕಿ ಚೀಲದಲ್ಲಿತ್ತಂತೆ, ಅತ್ಗೆಗೆ ನೆನಪಾಗಿಲ್ಲ," ಅಂದ ಯೋಗೇಂದ್ರ. ಮತ್ತೆ ಸುಳ್ಳು. ಈ ಸಲ ನನಗೋಸ್ಕರ. ಯಾರು ಕೇಳಿದ್ದರು ಇವನನ್ನು?

ಹಡಗು ಅಲುಗಾಡುತ್ತಿದೆ. ಅವನು ಮತ್ತೆ ಬಿಳಚಿಕೊಂಡಿದ್ದಾನೆ. ಮಿಡಿ ಕೊಡಲಿಲ್ಲ. ಒಂದು ನಿಂಬೆಹಣ್ಣು ಕೊಟ್ಟೆ. ಅಷ್ಟೇ.

ಮಾರ್ಚ್ 15, ಜಯಪುರ

ಮನೆ. ಕುಸುಮಾಗೆ ಫೋನ್ ಮಾಡಿದೆ. ಎತ್ತಲಿಲ್ಲ. ಯೋಗೇಂದ್ರ ಮೊದಲೇ ಊದಿರಬೇಕು.

ಅವನನ್ನು ಕ್ಷಮಿಸಿದೆ ಅಂತ ಯಾರೂ ತಿಳಿಯುವುದು ಬೇಡ. ಮೂರು ವರ್ಷದ ನನ್ನ ಸಿಟ್ಟನ್ನು ಬೆನ್ನು ಕೊಟ್ಟು ದಂಡ ಮಾಡಿದವನು. ಎಷ್ಟು ಶಾಪ ಹಾಕಿದ್ದೆ! ಎಲ್ಲಾ ತಪ್ಪು ಬಾಗಿಲಿಗೆ ಹೋದವು. ಈಗ ಮೊದಲಿನಿಂದ ಹುಟ್ಟಿಸಬೇಕು, ಹೆತ್ತ ಮಗಳ ಮೇಲೆ.

ಮಾರ್ಚ್ 18

ಫೋನ್ ಎತ್ತುತ್ತಿಲ್ಲ.

ಹ್ಯಾಗಾದರೂ ಇಳಿಸು ಅಂದೆನಂತೆ. ಅಂದೆ. ಹೌದು. ಅಂದರೆ ಏನು? ಇಳಿಸು ಅಂದೆ. ಕಡಿ ಅಂತ ಅಂದೆನಾ? ಭರಣಿ ತುಂಬಿಸಲು ಮರ ಕೆಡವಿದವಳು ಕೊನೆಗೆ ಆ ಭರಣಿಯನ್ನಾದರೂ ತೋರಿಸಿದಳಾ? ಶೃಂಗೇರಿಯಲ್ಲಿ ಬಚ್ಚಿಟ್ಟಳು. ಕಳ್ಳ ಚಿಕ್ಕಪ್ಪ ಅಂದಳು. ಅಳುತ್ತಾ ಅಂದಳು. ಅವಳ ಕಣ್ಣೀರು ನಾನೇ ಸೆರಗಿನಲ್ಲಿ ಒರೆಸಿದ್ದೆ.

ಮಾಲತಿ ಹೇಳುತ್ತಾಳೆ — "ಅತ್ತೆ, ಅವ್ರು ನಿಮ್ಮನ್ನ ನೋಡಿ ಹೆದ್ರಿದ್ರು, ಅಷ್ಟೇ. ನಾವೆಲ್ಲಾ ಹೆದರ್ತೀವಿ."

"ನೀನೂ?"

"ಅದಕ್ಕೇ ಅಲ್ವಾ ಬುಕ್ ಕೊಟ್ಟಿದ್ದು."

ಬಿಪಿ ಮಾತ್ರೆ ನುಂಗಿದೆ.

ಮಾರ್ಚ್ 23, ಭಾನುವಾರ

ಯೋಗೇಂದ್ರ ಬಂದಿದ್ದ. ಆಟೋ ರಸ್ತೆಯಲ್ಲಿ ನಿಲ್ಲಿಸಿ ಜಗಲಿಯ ತುದಿಯಲ್ಲಿ ಕೂತ. ಚಹಾ ಕೊಟ್ಟೆ, ಸಕ್ಕರೆ ಹಾಕಲಿಲ್ಲ. ಕುಡಿದ.

"ಅದು ಊಟ ಬಿಟ್ಟಿದೆ ಅತ್ಗೆ. ಬಾ ಅಂತ ನೀನೇ ಒಂದು ಮಾತು ಹೇಳ್ಬಾರ್ದಾ?"

"ನಾನು ಕರೆಯಲ್ಲ. ಅವ್ಳೇ ಬರ್ಲಿ."

"ಬಂದ್ರೆ ಎಂತ ಮಾಡ್ತೀಯ?"

"ಬರ್ಲಿ ಮೊದ್ಲು."

ಅವನು ಎದ್ದು ಹೋದ. ಹೋಗುವಾಗ ಕಿಟಕಿ ನೋಡಿದ. ಬಾಟಲಿಯನ್ನು ಅಲ್ಲೇ ಇಟ್ಟಿದ್ದೇನೆ, ಬಟ್ಟೆ ಸಮೇತ. ಒಳಗೆ ಕಾಲಿಟ್ಟವರ ಕಣ್ಣು ಮೊದಲು ಅದರ ಮೇಲೇ ಬೀಳಬೇಕು. ಮುಚ್ಚಳ ನಾನು ಇನ್ನೂ ತೆಗೆದಿಲ್ಲ. ಒಂದು ಮಿಡಿಯೂ ತಿಂದಿಲ್ಲ.

ಈ ಹಾಳೆಯ ಫೋಟೋ ತೆಗೆದು ಅವಳ ಫೋನಿಗೆ ಹಾಕು ಅಂತ ಮಾಲತಿಗೆ ಹೇಳಿದ್ದೇನೆ. ಯಾರೂ ಓದಲ್ಲ ಅಂದಿದ್ದಳಲ್ಲ, ಒಬ್ಬಳು ಓದಲಿ.

ಕುಸುಮಾ, ಕಾಗುಣಿತ ನೋಡಬೇಡ. ನೀನು ಯಾಕೆ ಮಾಡಿದೆ ಅಂತ ನಾನು ಕೇಳುತ್ತಿಲ್ಲ. ಅದನ್ನು ನಿನ್ನ ಚಿಕ್ಕಪ್ಪ ಹೇಳಿ ಆಯಿತು. ಅವನ ಬಾಯಿಂದ ನನಗೆ ಬೇಡ. ಫೋನಲ್ಲಿ ಬೇಡ. ಅಳುವುದು ಬೇಡ. ಇಲ್ಲಿಗೆ ಬಂದು, ನೆಲ ನೋಡದೆ, ನನ್ನ ಮುಖ ನೋಡಿ ಹೇಳು. ಕಡಿಸಿದ್ದು ನೀನೋ ಅಲ್ಲವೋ. ಮೂವತ್ತನೇ ತಾರೀಖು ಯುಗಾದಿ. ನಾನು ಬೇವು ಬಾಯಿಗೆ ಹಾಕಿಕೊಳ್ಳುವುದರೊಳಗೆ ಉತ್ತರ ಬೇಕು.